ಹಾಸನ, ಚಿಕ್ಕಮಗಳೂರಿನವರು ಕೈಯಲ್ಲೊಯ್ಯುವ ಎಲೆಕ್ಟ್ರಾನಿಕ್ ಸಾಧನಗಳನ್ನು ಆರಿಸುವ ಬಗೆ

ಮೊಬೈಲ್, ಲ್ಯಾಪ್‌ಟಾಪ್, ಇಯರ್‌ಬಡ್ಸ್, ಪವರ್ ಬ್ಯಾಂಕ್ ಮುಂತಾದವನ್ನು ಕೊಳ್ಳುವ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ದೊಡ್ಡ ನಗರದ ಬದುಕನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ಎರಡು ದಿನ ಕರೆಂಟಿಲ್ಲದೆ ಇರಬೇಕಾದ ಮೂಡಿಗೆರೆಯ ಮನೆಗೂ, ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಕಳಸದ ತೋಟಕ್ಕೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ಶೃಂಗೇರಿಯ ಕೋಣೆಗೂ ಆ ಸಲಹೆಗಳು ಪೂರ್ತಿ ಹೊಂದುವುದಿಲ್ಲ. ಹಾಸನ, ಅರಸೀಕೆರೆ, ಕಡೂರಿನಂಥ ಬಯಲು ಭಾಗದವರಿಗೆ ತೇವದ ಕಾಟ ಕಡಿಮೆಯಾದರೂ, ಕೆಲಸಕ್ಕೆಂದು ವಾರವಾರ ಬೆಂಗಳೂರಿಗೋ ಮಂಗಳೂರಿಗೋ ಓಡಾಡುವವರಿಗೆ ದಾರಿಯುದ್ದಕ್ಕೂ ಇವೇ ತೊಂದರೆಗಳು ಎದುರಾಗುತ್ತವೆ. ಆದ್ದರಿಂದ ನಮ್ಮ ಕಡೆಯವರು ಸಾಧನ ಆರಿಸುವಾಗ ಪ್ರೊಸೆಸರ್ ಯಾವುದು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂಬುದಕ್ಕಿಂತ ಮೊದಲು, ಕರೆಂಟಿಲ್ಲದಾಗ, ಸಿಗ್ನಲ್ ಇಲ್ಲದಾಗ, ಮಳೆ ಹಿಡಿದಾಗ ಅದು ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವ ಕ್ರಮವೂ ಸ್ವಲ್ಪ ಬದಲಾಗಬೇಕು. ಸಾಮಾನ್ಯವಾಗಿ ಮೊದಲು ಮೊಬೈಲ್, ಆಮೇಲೆ ಲ್ಯಾಪ್‌ಟಾಪ್, ಕೊನೆಗೆ ಉಳಿದ ಹಣದಲ್ಲಿ ಸಿಕ್ಕಿದ ಚಾರ್ಜರ್ ಮತ್ತು ಪವರ್ ಬ್ಯಾಂಕ್ ಎಂಬ ಲೆಕ್ಕದಲ್ಲಿ ಕೊಳ್ಳುತ್ತೇವೆ. ನಾನು ಇದನ್ನು ತಿರುಗಿಸಿ ಹೇಳುತ್ತೇನೆ: ನಿಮ್ಮ ಎಲ್ಲ ಸಾಧನಗಳೂ ಒಂದೇ ಬಗೆಯ ಚಾರ್ಜರ್‌ನಿಂದ ಚಾರ್ಜ್ ಆಗಬೇಕೆಂದು ಮೊದಲೇ ನಿರ್ಧರಿಸಿ, ಆ ನಿರ್ಧಾರಕ್ಕೆ ಒಗ್ಗದ ವಸ್ತುವನ್ನು, ಎಷ್ಟೇ ಅಗ್ಗವಾಗಿರಲಿ, ಬಿಟ್ಟುಬಿಡಿ. ಐಫೋನ್ ಕೂಡ 2023ರ 15ನೇ ಸರಣಿಯಿಂದ ಯುಎಸ್‌ಬಿ ಟೈಪ್-ಸಿಗೆ ಬಂದಿರುವುದರಿಂದ ಇದು ಈಗ ಕಷ್ಟವಲ್ಲ. 65 ವ್ಯಾಟ್‌ನ, ಎರಡು ಟೈಪ್-ಸಿ ಕಿಂಡಿಗಳಿರುವ ಒಂದು ಒಳ್ಳೆಯ ಚಾರ್ಜರ್ ಇದ್ದರೆ ಸಾಮಾನ್ಯ ಕಚೇರಿ ಲ್ಯಾಪ್‌ಟಾಪ್, ಮೊಬೈಲ್, ಇಯರ್‌ಬಡ್ಸ್, ಟ್ಯಾಬ್ಲೆಟ್ ಎಲ್ಲಕ್ಕೂ ಅದೊಂದೇ ಸಾಕು. ಗ್ಯಾಲಿಯಂ ನೈಟ್ರೈಡ್ ಬಳಸಿದ ಹೊಸ ಚಾರ್ಜರ್‌ಗಳು ಅಷ್ಟೇ ಶಕ್ತಿಯ ಹಳೆಯ ಚಾರ್ಜರ್‌ಗಳಿಗಿಂತ ಚಿಕ್ಕದಾಗಿರುತ್ತವೆ. ಚಾರ್ಜರ್ ಮೇಲಿನ ಸಣ್ಣ ಅಕ್ಷರಗಳಲ್ಲಿ 'ಇನ್‌ಪುಟ್ 100–240 ವೋಲ್ಟ್' ಎಂದಿದೆಯೇ ನೋಡಿ. ವೋಲ್ಟೇಜ್ ಇಳಿದಾಗಲೂ ಇಂಥದ್ದು ಕೆಲಸ ಮಾಡುತ್ತದೆ. ಆದರೆ ಏರಿದಾಗ ರಕ್ಷಣೆ ಬೇಕಾದರೆ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಬೇಕು. ಗುಡುಗು ಸಿಡಿಲಿನ ವೇಳೆ ಮಾತ್ರ ಪ್ಲಗ್ ಕಿತ್ತಿಡುವುದೇ ಸರಿ.

ಕೇಬಲ್ ವಿಷಯದಲ್ಲಿ ಜನ ಹೆಚ್ಚು ಮೋಸಹೋಗುತ್ತಾರೆ. ನೋಡಲು ಒಂದೇ ತರಹ ಇರುವ ಎರಡು ಟೈಪ್-ಸಿ ಕೇಬಲ್‌ಗಳಲ್ಲಿ ಒಂದು 60 ವ್ಯಾಟ್‌ವರೆಗೆ ಮಾತ್ರ ಹರಿಸಬಹುದು, ಇನ್ನೊಂದು ಒಳಗೆ ಗುರುತಿನ ಚಿಪ್ ಇರುವುದರಿಂದ 100 ಅಥವಾ 240 ವ್ಯಾಟ್ ಹರಿಸಬಹುದು. ಕಡತ ವರ್ಗಾವಣೆಯ ವೇಗವೂ ಹಾಗೆಯೇ: ಮೊಬೈಲ್ ಜೊತೆ ಬರುವ ಕೇಬಲ್‌ಗಳಲ್ಲಿ ಬಹಳಷ್ಟು ಸೆಕೆಂಡಿಗೆ 480 ಮೆಗಾಬಿಟ್‌ನ ಹಳೆಯ ಯುಎಸ್‌ಬಿ 2.0 ವೇಗದವು. ಮದುವೆಯ ವಿಡಿಯೊಗಳನ್ನು ಹಾರ್ಡ್ ಡಿಸ್ಕ್‌ಗೆ ಹಾಕುವ ಕೆಲಸ ಇದ್ದವರು ಸೆಕೆಂಡಿಗೆ 10 ಗಿಗಾಬಿಟ್ ಎಂದು ಬರೆದ ಕೇಬಲ್ಲನ್ನೇ ಕೇಳಿ ಪಡೆಯಬೇಕು. ಆದರೆ ಮೊಬೈಲ್ ಅಥವಾ ಕ್ಯಾಮೆರಾದ ಕಿಂಡಿಯೂ ಅಷ್ಟು ವೇಗದ್ದಾಗಿರಬೇಕು, ಇಲ್ಲವಾದರೆ ಕೇಬಲ್‌ಗೆ ಕೊಟ್ಟ ಹಣ ವ್ಯರ್ಥ.

ಇನ್ನು ಪವರ್ ಬ್ಯಾಂಕ್. ಪೆಟ್ಟಿಗೆಯ ಮುಂಭಾಗದಲ್ಲಿ ದೊಡ್ಡದಾಗಿ 10,000 ಎಂಎಎಚ್ (ಮಿಲಿಆಂಪಿಯರ್-ಅವರ್) ಎಂದಿರುತ್ತದೆ. ಅದನ್ನು ಓದಿ, 5,000 ಎಂಎಎಚ್ ಬ್ಯಾಟರಿಯ ಮೊಬೈಲ್ ಎರಡು ಸಲ ಚಾರ್ಜ್ ಆಗುತ್ತದೆ ಎಂದುಕೊಂಡರೆ ನಿರಾಶೆಯಾಗುತ್ತದೆ. ಆ ಸಂಖ್ಯೆ ಒಳಗಿರುವ ಕೋಶಗಳದ್ದು, ಅವುಗಳ ವೋಲ್ಟೇಜ್ ಸುಮಾರು 3.7. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 37 ವ್ಯಾಟ್-ಅವರ್ ಬರುತ್ತದೆ. ನಿಜವಾದ ಶಕ್ತಿಯ ಅಳತೆ ಇದು. ಹೊರಗೆ ಬರುವಾಗ ವೋಲ್ಟೇಜ್ ಏರಿಸುವುದರಲ್ಲಿ ಒಂದಷ್ಟು, ಮೊಬೈಲ್ ಒಳಗೆ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಕೊನೆಗೆ ಉಳಿಯುವುದು ಸುಮಾರು ಒಂದೂವರೆ ಸಲದ ಚಾರ್ಜ್. ಪವರ್ ಬ್ಯಾಂಕನ್ನು ತಿರುಗಿಸಿ ಹಿಂಭಾಗ ನೋಡಿದರೆ 'ರೇಟೆಡ್ ಕೆಪಾಸಿಟಿ' ಎಂಬ ಇನ್ನೊಂದು ಸಾಲು ಇರುತ್ತದೆ. 10,000ದ ಪವರ್ ಬ್ಯಾಂಕಿನಲ್ಲಿ ಅದು 6,000ದ ಆಸುಪಾಸು ಇದ್ದರೆ ಆ ಕಂಪನಿ ಸತ್ಯ ಹೇಳುತ್ತಿದೆ ಎಂದು ನಂಬಬಹುದು. ಆ ಸಾಲೇ ಇಲ್ಲದಿದ್ದರೆ, ಅಥವಾ ಅಂಗೈಯಗಲದ ಹಗುರ ಡಬ್ಬಿಯ ಮೇಲೆ 50,000 ಎಂದು ಬರೆದಿದ್ದರೆ, ಅದನ್ನು ಕೊಳ್ಳಬೇಡಿ. ಲಿಥಿಯಂ ಕೋಶಗಳಿಗೆ ತೂಕವಿದೆ. 20,000ದ ಪವರ್ ಬ್ಯಾಂಕ್ ಮುನ್ನೂರು ಗ್ರಾಂಗಿಂತ ಕಡಿಮೆ ತೂಗುವುದು ಕಷ್ಟ.

ಎಷ್ಟು ದೊಡ್ಡದು ಬೇಕು ಎಂಬುದು ಅವರವರ ಅಗತ್ಯ. ಹಾಸನದಿಂದ ಬೆಂಗಳೂರಿಗೆ ಹೋಗಿ ಅಂದೇ ಹಿಂತಿರುಗುವವರಿಗೆ 10,000 ಸಾಕು. ತೋಟದ ಮನೆಯಲ್ಲಿ ಇರುವವರು, ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರು 20,000ದ, ಅಂದರೆ 74 ವ್ಯಾಟ್-ಅವರ್‌ನ, 'ಪವರ್ ಡೆಲಿವರಿ' (ಟೈಪ್-ಸಿ ಮೂಲಕ ಹೆಚ್ಚು ವ್ಯಾಟ್ ಕೊಡುವ ವ್ಯವಸ್ಥೆ) ಇರುವ, ಕನಿಷ್ಠ 45 ವ್ಯಾಟ್ ಹೊರಕೊಡುವ ಪವರ್ ಬ್ಯಾಂಕ್ ತೆಗೆದುಕೊಂಡರೆ 50ರಿಂದ 60 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪನ್ನು ಹೆಚ್ಚುಕಡಿಮೆ ಒಮ್ಮೆ ತುಂಬಿಸಬಹುದು. ಹೊರಕೊಡುವ ವ್ಯಾಟ್ ಜೊತೆಗೆ, ಅದು ತಾನು ಎಷ್ಟು ವ್ಯಾಟ್‌ನಲ್ಲಿ ತುಂಬಿಕೊಳ್ಳುತ್ತದೆ ಎಂಬುದನ್ನೂ ಕೇಳಿ. ದಿನಕ್ಕೆ ಮೂರು ಗಂಟೆ ಮಾತ್ರ ಕರೆಂಟು ಬರುವ ಮಳೆಗಾಲದ ವಾರದಲ್ಲಿ, 10 ವ್ಯಾಟ್‌ನಲ್ಲಿ ತುಂಬಿಕೊಳ್ಳುವ ದೊಡ್ಡ ಪವರ್ ಬ್ಯಾಂಕ್ ಅರ್ಧವೂ ತುಂಬುವುದಿಲ್ಲ. ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಇದು, ನಮಗೆ ಮಾತ್ರ ಬಹಳ ಮುಖ್ಯವಾದದ್ದು.

ವಿಮಾನ ಪ್ರಯಾಣ ಇದ್ದವರಿಗೆ ಒಂದು ನಿಯಮ: ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, 100ರಿಂದ 160ರವರೆಗೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದನ್ನು ಒಯ್ಯುವಂತಿಲ್ಲ. ಅಂಕಿ ಅಳಿಸಿಹೋದ ಪವರ್ ಬ್ಯಾಂಕನ್ನು ಭದ್ರತಾ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುವ ಸಾಧ್ಯತೆ ಇರುವುದರಿಂದ ಅಚ್ಚು ಸ್ಪಷ್ಟವಾಗಿರುವುದನ್ನೇ ಆರಿಸಿ.

ಸುರಕ್ಷತೆಗೆ ಒಂದು ಸುಲಭವಾದ ಪರೀಕ್ಷೆಯಿದೆ. ಭಾರತದಲ್ಲಿ ಮಾರುವ ಪವರ್ ಬ್ಯಾಂಕ್, ಚಾರ್ಜರ್, ಮೊಬೈಲ್, ಲ್ಯಾಪ್‌ಟಾಪ್‌ಗಳಿಗೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ನೋಂದಣಿ ಕಡ್ಡಾಯ. ವಸ್ತುವಿನ ಮೇಲೆ ಅದರ ಗುರುತು, ಕೆಳಗೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ವಸ್ತುವಿನ ಬಗೆ ತೋರಿಸುತ್ತದೆ. ಹಾಸನದ ಬಿ.ಎಂ. ರಸ್ತೆಯ ಅಂಗಡಿಯಲ್ಲಿ ನಿಂತೇ ಇದನ್ನು ಮಾಡಿ ಮುಗಿಸಬಹುದು. ಸಂಖ್ಯೆ ಪವರ್ ಬ್ಯಾಂಕಿನದ್ದಾಗಿರದೆ ಬೇರೇನೋ ವಸ್ತುವಿನದ್ದಾಗಿದ್ದರೆ ಅಲ್ಲಿಗೇ ಮಾತು ಮುಗಿಯಿತು. ಕರೆಂಟಿಲ್ಲದ ರಾತ್ರಿ ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುವ ವಸ್ತು ಇದು. ನಾಲ್ಕುನೂರು ರೂಪಾಯಿ ಉಳಿಸಲು ಇಲ್ಲಿ ಪ್ರಯತ್ನಿಸಬಾರದು.

ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದ್ದವರು ರೂಟರ್‌ಗೆಂದೇ ಬರುವ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿಸಿಕೊಳ್ಳುವುದು ಒಳ್ಳೆಯದು. ರೂಟರ್ ಎಳೆಯುವುದು ಸುಮಾರು 10 ವ್ಯಾಟ್, ಆದ್ದರಿಂದ ಎರಡು ಮೂರು ಗಂಟೆ ಇಂಟರ್ನೆಟ್ ಕಡಿಯದೆ ನಡೆಯುತ್ತದೆ. ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಿರುವ ಯುವಕರಿಗೆ, ಹೋಂಸ್ಟೇ ನಡೆಸುವವರಿಗೆ ಇದರಷ್ಟು ಬೇಗ ಹಣ ತೀರಿಸುವ ವಸ್ತು ಮತ್ತೊಂದಿಲ್ಲ.

ಸಿಗ್ನಲ್ ವಿಷಯಕ್ಕೆ ಬರೋಣ. ಮೊಬೈಲ್ ಆರಿಸುವಾಗ '5ಜಿ ಇದೆಯೇ' ಎಂದಷ್ಟೇ ಕೇಳಿದರೆ ಸಾಲದು. ಯಾವ ಯಾವ ಬ್ಯಾಂಡ್‌ಗಳಿವೆ, ಅಂದರೆ ಯಾವ ಯಾವ ಆವರ್ತನದ ಸಿಗ್ನಲ್ ಹಿಡಿಯುತ್ತದೆ ಎಂದು ಕೇಳಬೇಕು. ಕಡಿಮೆ ಆವರ್ತನದ ಅಲೆಗಳು ಹೆಚ್ಚು ದೂರ ಹೋಗುತ್ತವೆ. ಮರಗಿಡ, ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತವೆ. ಜಿಯೋ 850 ಮೆಗಾಹರ್ಟ್ಸ್‌ನ ಬ್ಯಾಂಡ್ 5ರಲ್ಲಿ 4ಜಿ, 700 ಮೆಗಾಹರ್ಟ್ಸ್‌ನ ಬ್ಯಾಂಡ್ 28ರಲ್ಲಿ 5ಜಿ ಕೊಡುತ್ತದೆ. ಏರ್‌ಟೆಲ್‌ಗೆ 900ರ ಬ್ಯಾಂಡ್ 8 ಇದೆ. ಬಿಎಸ್‌ಎನ್‌ಎಲ್‌ನ 4ಜಿ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಗುಡ್ಡದ ಮರೆಯ ಎಷ್ಟೋ ಊರುಗಳಲ್ಲಿ ಬಿಎಸ್‌ಎನ್‌ಎಲ್ ಗೋಪುರವೊಂದೇ ಗತಿಯಾಗಿರುವುದರಿಂದ, 4ಜಿ ಪಟ್ಟಿಯಲ್ಲಿ ಬ್ಯಾಂಡ್ 28 ಇಲ್ಲದ ಮೊಬೈಲ್ ಅಲ್ಲಿ ಅರ್ಧ ಮೊಬೈಲ್. ಆ ಪಟ್ಟಿ ಕಂಪನಿಯ ಜಾಲತಾಣದ 'ಸ್ಪೆಸಿಫಿಕೇಷನ್' ಪುಟದಲ್ಲಿರುತ್ತದೆ. ಒಂದೇ ಹೆಸರಿನ ಮೊಬೈಲ್‌ಗೆ ದೇಶದಿಂದ ದೇಶಕ್ಕೆ ಬ್ಯಾಂಡ್‌ಗಳು ಬದಲಾಗುವುದರಿಂದ ವಿದೇಶದಿಂದ ನೆಂಟರು ತಂದುಕೊಡುವ ಮೊಬೈಲ್ ವಿಷಯದಲ್ಲಿ ಇದನ್ನು ಎರಡು ಸಲ ನೋಡಬೇಕು. ಎರಡು ಸಿಮ್ ಹಾಕುವ ಅನುಕೂಲವೂ, ಮನೆಯ ವೈಫೈ ಮೂಲಕವೇ ಮಾತನಾಡಬಹುದಾದ 'ವೈಫೈ ಕಾಲಿಂಗ್' ಸೌಲಭ್ಯವೂ ಇರಲಿ. ಮೊಬೈಲ್ ಹಿಡಿದು ಮಳೆಯಲ್ಲಿ ಅಂಗಳದ ಮೂಲೆಗೆ ಓಡುವ ವಯಸ್ಸಾದವರಿಗೆ ಈ ಕೊನೆಯ ಸೌಲಭ್ಯದಿಂದ ಸಿಗುವ ನೆಮ್ಮದಿ ದೊಡ್ಡದು.

ಪ್ರಯಾಣದಲ್ಲಂತೂ ಸಿಗ್ನಲ್ ಇರುವುದೇ ಇಲ್ಲ ಎಂದುಕೊಂಡು ಹೊರಡುವುದು ವಾಸಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ರೈಲು ಮಾರ್ಗದಲ್ಲಿ 57 ಸುರಂಗಗಳಿವೆ. ಚಾರ್ಮಾಡಿಯ ತಿರುವುಗಳಲ್ಲೂ ಇದೇ ಪಾಡು. ಆದ್ದರಿಂದ ಮೊಬೈಲ್‌ನಲ್ಲಾಗಲಿ ಟ್ಯಾಬ್ಲೆಟ್‌ನಲ್ಲಾಗಲಿ ಸಂಗ್ರಹ ಸಾಮರ್ಥ್ಯಕ್ಕೆ ಸ್ವಲ್ಪ ಹೆಚ್ಚು ಹಣ ಹಾಕಿ. 256 ಜಿಬಿ ಇರಲಿ, ಅಥವಾ ಮೆಮೊರಿ ಕಾರ್ಡ್ ಹಾಕುವ ಜಾಗವಾದರೂ ಇರಲಿ. ಹೊರಡುವ ಹಿಂದಿನ ದಿನವೇ ನಕ್ಷೆ, ಹಾಡು, ಸಿನಿಮಾ ಇಳಿಸಿಟ್ಟುಕೊಳ್ಳಿ. ಒಟಿಟಿ ಆ್ಯಪ್‌ಗಳಲ್ಲಿ ಇಳಿಸಿದ ಸಿನಿಮಾಗಳಿಗೆ ಅವಧಿ ಇರುತ್ತದೆ, ಕೆಲವನ್ನು ಒಮ್ಮೆ ನೋಡಲು ಶುರುಮಾಡಿದರೆ 48 ಗಂಟೆಯೊಳಗೆ ಮುಗಿಸಬೇಕಾಗುತ್ತದೆ. ದಾರಿ ತೋರಿಸುವ ಜಿಪಿಎಸ್ ನೇರವಾಗಿ ಉಪಗ್ರಹದಿಂದ ಬರುವುದರಿಂದ, ಇಳಿಸಿಟ್ಟ ನಕ್ಷೆ ಇದ್ದರೆ ಸಿಮ್‌ನ ಹಂಗಿಲ್ಲದೆ ಕೆಲಸ ಮಾಡುತ್ತದೆ. ದಟ್ಟ ಮರಗಳ ಕೆಳಗೆ, ಕಣಿವೆಗಳಲ್ಲಿ ಓಡಾಡುವವರು ಎಲ್1 ಮತ್ತು ಎಲ್5 ಎರಡೂ ಆವರ್ತನ ಹಿಡಿಯುವ ಮೊಬೈಲ್ ಅಥವಾ ವಾಚ್ ಆರಿಸಿದರೆ ಸ್ಥಳದ ಗುರುತು ಹೆಚ್ಚು ನಿಖರವಾಗಿ ಸಿಗುತ್ತದೆ.

ನಮ್ಮ ಕಡೆಯ ಸಾಧನಗಳು ಹಾಳಾಗುವುದು ಬಿದ್ದು ಒಡೆಯುವುದರಿಂದ ಎಷ್ಟೋ, ತೇವದಿಂದಲೂ ಅಷ್ಟೇ. ಹೀಗಾಗಿ ಪೆಟ್ಟಿಗೆಯ ಮೇಲಿನ ಐಪಿ ಸಂಖ್ಯೆಯನ್ನು ಓದಲು ಕಲಿಯಬೇಕು. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದ ಬೀಳುವ ಸಿಂಚನ ತಡೆಯುತ್ತದೆ. ಐಪಿ67 ಎಂದರೆ ಧೂಳು ಒಳಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇದ್ದರೂ ತಡೆಯುತ್ತದೆ. ಐಪಿ68ರಲ್ಲಿ ಆಳ ಮತ್ತು ಸಮಯವನ್ನು ತಯಾರಕರು ಹೇಳಬೇಕು. ಈ ಪರೀಕ್ಷೆಗಳು ನಡೆಯುವುದು ಹೊಸ ವಸ್ತುವಿನ ಮೇಲೆ, ಸಿಹಿನೀರಿನಲ್ಲಿ. ಎರಡು ವರ್ಷ ಬಳಸಿ, ನಡುವೆ ಒಮ್ಮೆ ಬೀಳಿಸಿದ ಮೊಬೈಲ್‌ಗೆ ಅದೇ ರಕ್ಷಣೆ ಉಳಿದಿರುತ್ತದೆ ಎಂಬ ಭರವಸೆ ಇಲ್ಲ, ನೀರು ಹೊಕ್ಕ ಸಾಧನಕ್ಕೆ ವಾರಂಟಿಯೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಐಪಿ ಸಂಖ್ಯೆ ಇದೆಯೆಂದು ಮೊಬೈಲ್ ಹಿಡಿದು ಹಳ್ಳಕ್ಕೆ ಇಳಿಯಬಾರದು. ಅನಿರೀಕ್ಷಿತ ಮಳೆಗೆ ಮಾತ್ರ ಅದು ಆಸರೆ.

ತೋಟದ ಕೆಲಸಕ್ಕೆ ಟ್ಯಾಬ್ಲೆಟ್ ಕೊಳ್ಳುವವರು ಇನ್ನೊಂದು ವಿಷಯ ನೋಡಬೇಕು. ತೋಟದ ಲೆಕ್ಕ ಬರೆಯುವ ರೈಟರು ಬೆಳಿಗ್ಗೆ ಆಳುಗಳ ಹಾಜರಿ ಹಾಕುವಾಗ, ಕೊಡೆಯಿಂದ ತೊಟ್ಟಿಕ್ಕಿದ ಎರಡು ಹನಿ ಪರದೆಯ ಮೇಲೆ ಬಿದ್ದರೆ ಟ್ಯಾಬ್ಲೆಟ್ ಅದನ್ನೇ ಬೆರಳೆಂದು ತಿಳಿದು ಒಂದು ಹೆಸರಿಗೆ ಬದಲು ಇನ್ನೊಂದು ಹೆಸರನ್ನು ಒತ್ತುತ್ತದೆ, ಒದ್ದೆ ಬೆರಳನ್ನು ಮಾತ್ರ ಗುರುತಿಸುವುದೇ ಇಲ್ಲ. ಕೊಳ್ಳುವ ಮುನ್ನ ಅಂಗಡಿಯವರ ಒಪ್ಪಿಗೆ ಪಡೆದು, ಪ್ರದರ್ಶನಕ್ಕಿಟ್ಟ ಸಾಧನವನ್ನು ಬೆರಳು ಸ್ವಲ್ಪ ಒದ್ದೆ ಮಾಡಿಕೊಂಡು ಮುಟ್ಟಿ ನೋಡಿ. ಅದೇ ಸಾಧನವನ್ನು ಅಂಗಡಿಯ ಬಾಗಿಲಿನಿಂದ ಹೊರಗೆ ಬಿಸಿಲಿಗೂ ತಂದು ನೋಡಿ. ಜನವರಿಯಲ್ಲಿ ಕಾಫಿ ಒಣಹಾಕಿದ ಸಿಮೆಂಟಿನ ಕಣದಲ್ಲಿ ನಿಂತರೆ 300 ನಿಟ್‌ಗಿಂತ ಕಡಿಮೆ ಹೊಳಪಿನ ಪರದೆಯಲ್ಲಿ ನಿಮ್ಮ ಮುಖವಲ್ಲದೆ ಬೇರೇನೂ ಕಾಣುವುದಿಲ್ಲ. ಹೊರಗೆ ಕೆಲಸ ಮಾಡುವವರಿಗೆ 500 ನಿಟ್ ಅಥವಾ ಅದಕ್ಕಿಂತ ಹೆಚ್ಚಿನ ಹೊಳಪು, ಲ್ಯಾಪ್‌ಟಾಪ್ ಆದರೆ ಪ್ರತಿಫಲಿಸದ ಮ್ಯಾಟ್ ಪರದೆ ಇರಬೇಕು.

ಮೊಬೈಲ್ ನೆನೆದರೆ ಅಕ್ಕಿ ಡಬ್ಬಿಯಲ್ಲಿ ಹೂತಿಡುವ ರೂಢಿ ನಮ್ಮಲ್ಲಿದೆ. ಅದರಿಂದ ಪ್ರಯೋಜನವಿಲ್ಲ, ಅಕ್ಕಿಯ ಧೂಳು ಚಾರ್ಜಿಂಗ್ ಕಿಂಡಿಗೆ ಸೇರಿ ಹಾನಿಯಾಗಬಹುದು. ಕಿಂಡಿ ಕೆಳಮುಖವಾಗುವಂತೆ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಟ್ಟು, ಪೂರ್ತಿ ಒಣಗುವವರೆಗೆ ಚಾರ್ಜ್‌ಗೆ ಹಾಕದಿರುವುದೇ ಸರಿಯಾದ ಕ್ರಮ. ಕಿಂಡಿಯಲ್ಲಿ ತೇವವಿದ್ದರೆ ಎಚ್ಚರಿಸಿ ಚಾರ್ಜಿಂಗ್ ನಿಲ್ಲಿಸುವ ಮೊಬೈಲ್‌ಗಳಿವೆ. ಮಲೆನಾಡಿನವರಿಗೆ ಇದು ಕೇಳಿ ಪಡೆಯಬೇಕಾದ ಗುಣ. ತಂತಿಯಿಲ್ಲದೆ ಚಾರ್ಜ್ ಮಾಡುವ ಸೌಲಭ್ಯವೂ ಇದ್ದರೆ, ಮೇಲ್ಮೈ ಒರೆಸಿಕೊಂಡು, ಕಿಂಡಿ ಒಣಗುವವರೆಗೆ ಅದರಿಂದ ಕೆಲಸ ಸಾಗುತ್ತದೆ.

ಕ್ಯಾಮೆರಾ ಮತ್ತು ದುರ್ಬೀನು ಇಟ್ಟುಕೊಂಡವರಿಗೆ ಬೂಷ್ಟಿನ ಭಯ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜಿನ ಮೇಲೆ ಬಲೆಯಂತೆ ಹಬ್ಬುವ ಶಿಲೀಂಧ್ರ ಗಾಜಿನ ಲೇಪನವನ್ನೇ ತಿಂದುಬಿಟ್ಟರೆ ಮತ್ತೆ ಸರಿಹೋಗುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವಮಾಪಕ ಇಷ್ಟಿದ್ದರೆ ಸಾಕು, ತೇವ ಶೇ. 40ರಿಂದ 50ರ ನಡುವೆ ಇರಲಿ. ಬೆಲೆಬಾಳುವ ಲೆನ್ಸುಗಳಿದ್ದವರು ವಿದ್ಯುತ್ತಿನಿಂದ ನಡೆಯುವ ಡ್ರೈ ಕ್ಯಾಬಿನೆಟ್ ಕೊಳ್ಳಬಹುದು. ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಈ ಖರ್ಚನ್ನೂ ಮೊದಲೇ ಸೇರಿಸಿಕೊಂಡು, ಆಮೇಲೂ ಕ್ಯಾಮೆರಾ ಬೇಕೇ, ಒಳ್ಳೆಯ ಮೊಬೈಲೇ ಸಾಕೇ ಎಂದು ಯೋಚಿಸಬೇಕು. ಭದ್ರಾ ಅಭಯಾರಣ್ಯದಲ್ಲಿ ದೂರದ ಹಕ್ಕಿಯನ್ನು ಹಿಡಿಯಬೇಕಾದರೆ ಕ್ಯಾಮೆರಾವೇ ಬೇಕು. ಬೇಲೂರಿನ ಶಿಲಾಬಾಲಿಕೆಯರ ಮುಂದೆ ಮನೆಯವರ ಫೋಟೊ ತೆಗೆಯಲು ಬೇಡ.

ಲ್ಯಾಪ್‌ಟಾಪ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ತೂಕವನ್ನು ಚಾರ್ಜರ್ ಸಮೇತ ಲೆಕ್ಕಹಾಕಿ. ಬ್ಯಾಟರಿ ಎಷ್ಟು ಗಂಟೆ ಎಂಬ ಕಂಪನಿಯ ಮಾತನ್ನು ಬಿಟ್ಟು ಎಷ್ಟು ವ್ಯಾಟ್-ಅವರ್ ಎಂದು ನೋಡಿ. ಬರವಣಿಗೆ, ಲೆಕ್ಕಪತ್ರದಂಥ ಕೆಲಸಕ್ಕೆ ಗಂಟೆಗೆ ಎಂಟು ಹತ್ತು ವ್ಯಾಟ್-ಅವರ್ ಖರ್ಚಾಗುವುದರಿಂದ 50 ವ್ಯಾಟ್-ಅವರ್ ಬ್ಯಾಟರಿ ಐದಾರು ಗಂಟೆ ಬರುತ್ತದೆ. ಬಹಳಷ್ಟು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುವುದರಿಂದ ಆಮೇಲೆ ಹೆಚ್ಚಿಸಲಾಗದು. ಕೊಳ್ಳುವಾಗಲೇ 16 ಜಿಬಿ ಇರಲಿ. ಟೈಪ್-ಸಿಯಿಂದ ಚಾರ್ಜ್ ಆಗದ ಲ್ಯಾಪ್‌ಟಾಪ್ ನಮ್ಮ ಲೆಕ್ಕದಲ್ಲಿ ಬರುವುದೇ ಇಲ್ಲ.

ಮನರಂಜನೆಗೆ ಬೇಕಾದ ಇಯರ್‌ಬಡ್ಸ್‌ನಲ್ಲಿ ಸದ್ದು ತಗ್ಗಿಸುವ ಗುಣ ಬಸ್ ಪ್ರಯಾಣಿಕರಿಗೆ ನಿಜವಾಗಿಯೂ ಉಪಯುಕ್ತ. ಅದು ಎಂಜಿನ್ನಿನಂಥ ಒಂದೇ ಸಮನೆಯ ತಗ್ಗು ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ, ಪಕ್ಕದ ಸೀಟಿನವರ ಮಾತನ್ನು ಅಷ್ಟಾಗಿ ಅಡಗಿಸುವುದಿಲ್ಲ. ಸುತ್ತಲಿನ ಸದ್ದು ಕಡಿಮೆಯಾದರೆ ವಾಲ್ಯೂಮ್ ಏರಿಸುವ ಅಗತ್ಯವೂ ಕಡಿಮೆಯಾಗುತ್ತದೆ. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ನೆನಪಿಡಿ. ಓದುವ ಅಭ್ಯಾಸವಿದ್ದವರಿಗೆ ಇ-ಇಂಕ್ ಓದುಗ ಸಾಧನ ಒಳ್ಳೆಯ ಜೊತೆ. ಪುಟ ತಿರುಗಿಸುವಾಗ ಮಾತ್ರ ಪರದೆ ಶಕ್ತಿ ಬಳಸುವುದರಿಂದ ಒಂದು ಚಾರ್ಜ್ ವಾರಗಟ್ಟಲೆ ಬರುತ್ತದೆ. ಆದರೆ ಕೊಳ್ಳುವ ಮುನ್ನ ಒಂದು ಕನ್ನಡ ಪುಸ್ತಕದ ಕಡತವನ್ನು ಅದರಲ್ಲಿ ತೆರೆದು, ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ, ಅಕ್ಷರ ದೊಡ್ಡದು ಮಾಡಿದಾಗ ಚೆದರುತ್ತವೆಯೇ ನೋಡಲೇಬೇಕು. ಬ್ಲೂಟೂತ್ ಸ್ಪೀಕರ್ ಮನೆಯ ಜಗುಲಿಗೆ ಸಾಕು. ಮುಳ್ಳಯ್ಯನಗಿರಿಗೂ ಕಾಡಿನ ದಾರಿಗೂ ದಯವಿಟ್ಟು ಅದನ್ನು ಒಯ್ಯಬೇಡಿ.

ಎಲ್ಲಿ ಕೊಳ್ಳಬೇಕು ಎಂಬುದಕ್ಕೆ ನನ್ನ ಉತ್ತರ, ರಿಪೇರಿ ಎಲ್ಲಿ ಆಗುತ್ತದೋ ಅದನ್ನು ನೋಡಿ ಕೊಳ್ಳಬೇಕು ಎಂಬುದು. ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಇದೆಯೇ, ಇದ್ದರೆ ಅವರು ಅಲ್ಲೇ ರಿಪೇರಿ ಮಾಡುತ್ತಾರೆಯೇ ಅಥವಾ ಬೆಂಗಳೂರಿಗೆ ಕಳಿಸುತ್ತಾರೆಯೇ ಎಂದು ಫೋನ್ ಮಾಡಿ ಕೇಳಿ. ಸೆಕೆಂಡ್ ಹ್ಯಾಂಡ್ ಮೊಬೈಲ್ ಆದರೆ *#06# ಒತ್ತಿ ಆ ಮೊಬೈಲ್‌ನ ಗುರುತಿನ ಸಂಖ್ಯೆಯಾದ ಐಎಂಇಐ ಪಡೆದು, ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ಆ್ಯಪ್‌ನಲ್ಲಿ ಪರೀಕ್ಷಿಸಿದರೆ ಅದನ್ನು ತಡೆಹಿಡಿಯಲಾಗಿದೆಯೇ ಎಂಬುದು ತಿಳಿಯುತ್ತದೆ. ಜಿಎಸ್‌ಟಿ ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ, ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಉಷ್ಣಕ್ಕೆ ಮಾಸುವ ಕಾಗದದ ಬಿಲ್ ಆದರೆ ಅಂದೇ ಫೋಟೊ ತೆಗೆದಿಡಿ. ಮಾರಿದವರು ಕೈಬಿಟ್ಟರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದರಿಂದಲೂ ಆಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರಿದ ಕಂಪನಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಅದಕ್ಕೆ ಶುಲ್ಕವಿಲ್ಲ.